ನೇಸರಗಿಯ ಧೂಳಿನಲ್ಲಿ ಒಂದು ಲೆನ್ಸು

ಬೆಳಗಾವಿ ಬಿಟ್ಟ ಬಸ್ಸು ಸಾಂಬ್ರಾ ದಾಟಿ ಯರಗಟ್ಟಿ ಕಡೆ ಓಡುವಾಗ ನಡುವೆ ಸಿಗುವ ದೊಡ್ಡ ಊರು ನೇಸರಗಿ. ಬೈಲಹೊಂಗಲ ತಾಲ್ಲೂಕಿಗೆ ಸೇರಿದ್ದು, ಸವದತ್ತಿ ರಟ್ಟರ ಕಾಲದ ಶಾಸನ ಇರುವ ಹಳೆಯ ಊರು. ದಸರಾ ಮುಗಿದು ದೀಪಾವಳಿ ಇನ್ನೂ ಬರಬೇಕಾದ ದಿನಗಳಲ್ಲಿ ಇಲ್ಲಿ ಇಳಿದರೆ ಮೊದಲು ಎದುರಾಗುವುದೇ ಧೂಳು. ಹೊಲಗಳಲ್ಲಿ ಸೋಯಾ ರಾಶಿ ನಡೆದಿರುತ್ತದೆ. ಗೋವಿನಜೋಳ ರಸ್ತೆಯ ಬದಿಗೇ ಒಣಗಲು ಹರವಿರುತ್ತದೆ. ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿಕೊಂಡು ಬಂದ ಎರೆಮಣ್ಣು ಡಾಂಬರಿನ ಮೇಲೆ ಒಣಗಿ, ಪುಡಿಯಾಗಿ, ಪ್ರತಿ ಲಾರಿಯ ಹಿಂದೆ ಏಳುತ್ತದೆ. ರಾಶಿ ಮಷೀನಿನಿಂದ ಹಾರಿದ ಹೊಟ್ಟು ಬಟ್ಟೆ, ಹುಬ್ಬು, ಚಹಾದ ಕಪ್ಪು ಯಾವುದನ್ನೂ ಬಿಡುವುದಿಲ್ಲ. ಬಸ್ಸಿಗೆ ಕಾದು ನಿಂತ ಶಾಲೆಯ ಹುಡುಗರಲ್ಲಿ ಒಬ್ಬಿಬ್ಬರಾದರೂ ಮುಷ್ಟಿ ಮಡಚಿ ಕಣ್ಣು ತಿಕ್ಕುತ್ತಿರುತ್ತಾರೆ.

ಹಾಗೆ ತಿಕ್ಕಿ ತಿಕ್ಕಿ ಬೆಳೆದ ಒಬ್ಬ ಹುಡುಗನನ್ನು ನೋಡಲು ನಾನು ಇಲ್ಲಿಗೆ ಬಂದಿದ್ದೆ. ಈಗ ಇಪ್ಪತ್ತಮೂರರ ತರುಣ. ಐಟಿಐ ಮುಗಿಸಿ ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುತ್ತಾನೆ. ತೆಳ್ಳಗಿನ ತಾಮ್ರದ ತಂತಿಯನ್ನು ಸುತ್ತು ಎಣಿಸುತ್ತ ಸುತ್ತುವ ಕೆಲಸ ಅದು, ಕಣ್ಣೇ ಬಂಡವಾಳ. ಅವನ ಎರಡೂ ಕಣ್ಣಿಗೆ ಕೆರಟೋಕೋನಸ್ ಇದೆ.

ಮನೆಯ ಪಡಸಾಲೆಯ ಮಾಡದಿಂದ ಅವನ ತಾಯಿ ಒಂದು ಬಿಸ್ಕೀಟಿನ ಡಬ್ಬಿ ತೆಗೆದು ಮುಂದಿಟ್ಟರು. ಒಳಗೆ ಹಳೆಯ ಕನ್ನಡಕಗಳು. ಎಂಟನೆಯ ಇಯತ್ತೆಯದು, ಹತ್ತನೆಯದು, ಐಟಿಐ ಸೇರಿದಾಗಿನದು. ಜೊತೆಗೇ ಮಡಿಸಿಟ್ಟ ನಂಬರಿನ ಚೀಟಿಗಳು. ಪ್ರತಿ ಚೀಟಿಯಲ್ಲೂ ಸಿಲಿಂಡರ್ ನಂಬರು ಹಿಂದಿನದಕ್ಕಿಂತ ಏರಿದೆ, ಅದರ ಕೋನವೂ ಬದಲಾಗಿದೆ. "ಸಣ್ಣಾಂವ ಇದ್ದಾಗಿಂದ ತಿಕ್ಕೂದ ತಿಕ್ಕೂದರಿ. ಬ್ಯಾಡೋ ಅಂದ್ರ ಕೇಳಲೇ ಇಲ್ಲ. ಚಸ್ಮಾ ಬದ್ಲಿ ಮಾಡಿಸಿದ್ರ ಎಲ್ಲಾ ಛಲೋ ಆಗತೈತಿ ಅಂತ ನಾವೂ ಸುಮ್ಮಿದ್ವಿ" ಎಂದರು ಆ ತಾಯಿ. ಮಗನಿಗೆ ಅನುಮಾನ ಹುಟ್ಟಿದ್ದು ರಾತ್ರಿ ಬೈಕು ಹೊಡೆಯುವಾಗ. ಎದುರಿನ ಗಾಡಿಯ ಒಂದು ದೀಪ ಐದಾರಾಗಿ, ಕೆಳಗೆ ಬಾಲ ಬಿಟ್ಟುಕೊಂಡು ಕಾಣತೊಡಗಿತ್ತು.

ಕಣ್ಣಿನ ಕಪ್ಪು ಭಾಗದ ಮುಂದೆ ಗಾಜಿನಂತೆ ತಿಳಿಯಾಗಿ ಕೂತಿರುವುದು ಕಾರ್ನಿಯಾ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಅದರದ್ದೇ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಸುಮಾರು 540 ಮೈಕ್ರಾನ್. ಕೆರಟೋಕೋನಸ್ಸಿನಲ್ಲಿ ಈ ಪದರದ ಕಸುವು ಕುಂದುತ್ತದೆ. ಸವೆದ ಟೈರಿನ ಬಗಲಲ್ಲಿ ಟ್ಯೂಬು ಉಬ್ಬಿ ಹೊರಗೆ ಬರುವಂತೆ, ತೆಳುವಾದ ಜಾಗದಲ್ಲಿ ಕಣ್ಣಿನ ಒಳಗಿನ ಒತ್ತಡಕ್ಕೆ ಕಾರ್ನಿಯಾ ಮುಂದೆ ಬರುತ್ತದೆ, ಹೆಚ್ಚಾಗಿ ನಡುವಿಗಿಂತ ತುಸು ಕೆಳಗೆ. ಸಾಮಾನ್ಯ ಕಣ್ಣಿನಲ್ಲಿ ಈ ಬಾಗು 43–44 ಡಯಾಪ್ಟರ್ ಇರುತ್ತದೆ. ಬೇನೆ ಬಲಿತವರಲ್ಲಿ 55 ದಾಟಿಹೋಗುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗಿ ಮೂವತ್ತು ಮೂವತ್ತೈದರ ಹೊತ್ತಿಗೆ ನಿಧಾನವಾಗುತ್ತದೆ. ವಂಶದ ಪಾಲಿದೆ, ಅಲರ್ಜಿಯ ಪಾಲಿದೆ, ತಿಕ್ಕುವುದರ ಪಾಲಂತೂ ದೊಡ್ಡದು.

ಇದನ್ನು ಪಟ್ಟಣದವರ ಅಪರೂಪದ ಬೇನೆ ಎಂದು ತಿಳಿಯುವವರಿದ್ದಾರೆ. ನಾಗಪುರದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ದಾಟಿದವರ ಕಣ್ಣು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, 48 ಡಯಾಪ್ಟರ್ ಮೀರಿದ ಬಾಗನ್ನು ಗೆರೆಯಾಗಿ ಇಟ್ಟುಕೊಂಡು, ನೂರಕ್ಕೆ 2.3 ಮಂದಿಯಲ್ಲಿ ಕೆರಟೋಕೋನಸ್ ಗುರುತಿಸಿತು. ಆ ಗೆರೆ ಸರಿಯೇ ಎಂಬ ಚರ್ಚೆ ಇದೆ. ಆದರೂ ಎರೆಮಣ್ಣಿನ ಬಿಸಿಲು ನಾಡಿನ ಹಳ್ಳಿಗಳಲ್ಲಿ ಇದನ್ನು ಹುಡುಕಬೇಕು ಎಂಬುದಕ್ಕೆ ಅಷ್ಟು ಸಾಕು. ಹತ್ತಿ, ಸೋಯಾ, ಬಿಸಿಲು ಎಲ್ಲದರಲ್ಲೂ ಆ ಹಳ್ಳಿಗಳು ನೇಸರಗಿಯ ಸೀಮೆಯ ಹಾಗೆಯೇ ಇವೆ.

ಮರುದಿನ ಅವನ ಜೊತೆ ನಾನೂ ಬೆಳಗಾವಿಯ ಬಸ್ಸು ಹತ್ತಿದೆ. ಕನ್ನಡಕ ಸಾಲದ ಅವನ ಕಣ್ಣುಗಳಿಗೆ ಕಾಂಟ್ಯಾಕ್ಟ್ ಲೆನ್ಸು ಹೊಸದಾಗಿ ಕೂರಿಸಿಕೊಳ್ಳುವುದಿತ್ತು. ಕಿಟಕಿ ಬದಿಯ ಜಾಗ ಖಾಲಿ ಇದ್ದರೂ ಅವನು ಒಳಗಡೆಗೇ ಕೂತ. ಗಟ್ಟಿ ಲೆನ್ಸು ಹಾಕಿಕೊಂಡವನ ಕಣ್ಣಿಗೆ ಗಾಳಿಯಲ್ಲಿ ಬಂದ ಒಂದು ಕಣ ಸಾಕು, ಲೆನ್ಸಿನ ಅಡಿ ಸೇರಿ ಸೂಜಿಯಂತೆ ಚುಚ್ಚುತ್ತದೆ.

ಆಸ್ಪತ್ರೆಯ ಲೆನ್ಸಿನ ಕೋಣೆ ಸಣ್ಣದು, ಪರದೆ ಎಳೆದು ಅರೆಗತ್ತಲು ಮಾಡಿದ್ದಾರೆ. ಒಂದು ಸ್ಲಿಟ್ ಲ್ಯಾಂಪು, ಗೋಡೆಗೆ ಅಕ್ಷರದ ಪಟ, ಕೈ ತೊಳೆಯುವ ಬೇಸಿನ್ನು, ಕನ್ನಡಿ. ಮೇಜಿನ ಡ್ರಾಯರಿನಲ್ಲಿ ಟ್ರಯಲ್ ಸೆಟ್ಟು. ಬೆರಳಿನ ಉಗುರಿಗಿಂತ ಚಿಕ್ಕದಾದ ಲೆನ್ಸುಗಳು ಒಂದೊಂದೂ ತನ್ನ ಗೂಡಿನಲ್ಲಿ, ಮೇಲೆ ಒಂದೊಂದು ಅಂಕಿ: 7.6, 7.2, 6.8, 6.4... ಅಂಕಿ ಇಳಿದಷ್ಟೂ ಲೆನ್ಸಿನ ಬಾಗು ಕಡಿದು. ಸಾಮಾನ್ಯ ಕಣ್ಣಿಗೆ 7.8ರ ಆಸುಪಾಸು ಸಾಕಾಗುತ್ತದೆ. ಇವನ ಎಡಗಣ್ಣಿಗೆ, ಲೆನ್ಸು ಕೂರಿಸುವ ಆಪ್ಟೋಮೆಟ್ರಿಸ್ಟ್ ಹೆಣ್ಣುಮಗಳ ಕೈ ನೇರವಾಗಿ ಡ್ರಾಯರಿನ ಕೊನೆಯ ಸಾಲಿಗೆ ಹೋಯಿತು.

ಲೆನ್ಸು ಇಟ್ಟು ಸ್ವಲ್ಪ ಹೊತ್ತು ಬಿಟ್ಟು, ಕಣ್ಣೀರು ನಿಂತ ಮೇಲೆ, ಫ್ಲೋರೆಸಿನ್ ಬಣ್ಣದ ಕಾಗದದ ಪಟ್ಟಿಯ ತುದಿ ತೇವ ಮಾಡಿ ಕಣ್ಣಿನ ಬಿಳಿಗೆ ಮುಟ್ಟಿಸಿದರು. ದೀಪಕ್ಕೆ ನೀಲಿ ಗಾಜು ಬಂತು. "ಮ್ಯಾಲೆ ನೋಡ್ರಿ. ಈಗ ನೆಟ್ಟಗ ನೋಡ್ರಿ. ಕಣ್ಣ ಮುಚ್ಚಿ ತಗೀರಿ." ಪಕ್ಕದ ಪರದೆಯಲ್ಲಿ ನನಗೂ ಕಾಣುತ್ತಿತ್ತು. ಲೆನ್ಸಿನ ಅಡಿ ಕಣ್ಣೀರು ತುಂಬಿದಲ್ಲೆಲ್ಲ ಹೊಳೆಯುವ ಹಸಿರು. ಲೆನ್ಸು ಕಾರ್ನಿಯಾಕ್ಕೆ ತಾಗಿದ ಜಾಗ ಮಾತ್ರ ಕಪ್ಪು. ಮೊದಲ ಲೆನ್ಸಿನಲ್ಲಿ ನಡುವೆ ದೊಡ್ಡ ಕಪ್ಪು ಮಚ್ಚೆ ಬಂತು. ಉಬ್ಬಿನ ನೆತ್ತಿಯ ಮೇಲೇ ಲೆನ್ಸಿನ ಭಾರವೆಲ್ಲ ಕೂತಿದೆ ಎಂದು ಅದರ ಅರ್ಥ. ಹಾಗೇ ದಿನಗಟ್ಟಲೆ ಹಾಕಿದರೆ ಅಲ್ಲಿ ಕಲೆ ಬೀಳುತ್ತದೆ. ತೆಗೆದರು. ಇನ್ನೂ ಕಡಿದಾದದ್ದು ಇಟ್ಟರು. ನಡುವೆ ಹಸಿರು ಕೆರೆಯಾಗಿ ನಿಂತು ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿತು. ಅದನ್ನೂ ತೆಗೆದರು. ನೆತ್ತಿಗೆ ಹೂವಿನಷ್ಟು ಹಗುರವಾಗಿ ತಾಗಿ, ಸುತ್ತ ಬದಿಗಳಲ್ಲಿ ಸಮನಾಗಿ ಭಾರ ಹಂಚಿಕೊಂಡು, ಅಂಚಿನಲ್ಲಿ ತೆಳುವಾದ ಹಸಿರು ಬಳೆ ಬಿಟ್ಟು, ರೆಪ್ಪೆ ಬಡಿದಾಗ ಕಣ್ಣೀರಿನ ಜೊತೆ ತುಸು ಜಾರುವ ಲೆನ್ಸು ಸಿಗುವವರೆಗೆ ಈ ಕೆಲಸ ನಡೆಯಿತು. ಅಷ್ಟು ಹೊತ್ತೂ ಆ ಹೆಣ್ಣುಮಗಳ ದನಿ ಏರಲಿಲ್ಲ, ಕೈ ಅವಸರ ಮಾಡಲಿಲ್ಲ. ಕಣ್ಣಿನ ಚಿಕಿತ್ಸೆ ಎಂದರೆ ಆಪರೇಷನ್ ಒಂದೇ ಎಂದು ನಂಬಿದವರು ಈ ಕೋಣೆಯಲ್ಲಿ ಒಂದು ಮಧ್ಯಾಹ್ನ ಕೂರಬೇಕು.

ಈ ಗಟ್ಟಿ ಲೆನ್ಸನ್ನು ಆರ್‌ಜಿಪಿ ಎನ್ನುತ್ತಾರೆ. ಆಮ್ಲಜನಕ ಹಾಯಲು ಬಿಡುವ ಗಟ್ಟಿ ಪ್ಲಾಸ್ಟಿಕ್ಕು, 9–10 ಮಿಲಿಮೀಟರ್ ಅಗಲ. ಇದು ಕೆಲಸ ಮಾಡುವ ಬಗೆ ಸರಳವಾಗಿದೆ. ಲೆನ್ಸಿನ ಮುಂಭಾಗ ನಯವಾದ ದುಂಡು. ಹಿಂದೆ ಏರುತಗ್ಗಿನ ಕಾರ್ನಿಯಾ. ನಡುವಿನ ಸಂದನ್ನು ಕಣ್ಣೀರು ತುಂಬುತ್ತದೆ. ಬೆಳಕನ್ನು ಬಗ್ಗಿಸುವ ಗುಣದಲ್ಲಿ ಕಣ್ಣೀರಿಗೂ ಕಾರ್ನಿಯಾಕ್ಕೂ ಅಂತರ ಬಹಳ ಕಡಿಮೆ, ಹಾಗಾಗಿ ಏರುತಗ್ಗುಗಳು ಬೆಳಕಿನ ಪಾಲಿಗೆ ಹೆಚ್ಚುಕಡಿಮೆ ಅಳಿಸಿಹೋಗುತ್ತವೆ. ಕನ್ನಡಕ ಎಷ್ಟೇ ನಂಬರಿನದಾದರೂ ಕಣ್ಣಿನಿಂದ ದೂರ ಕೂತು ಈ ಕೆಲಸ ಮಾಡಲಾರದು. ಮೆತ್ತನೆಯ ಸಾಫ್ಟ್ ಲೆನ್ಸೂ ಅಷ್ಟೇ: ಅದು ಉಬ್ಬಿನ ಮೇಲೆ ಬಟ್ಟೆಯ ಹಾಗೆ ಬಿದ್ದು ಅದರದ್ದೇ ಆಕಾರ ತಳೆಯುತ್ತದೆ. ಬೇನೆ ಇನ್ನೂ ಎಳೆಯದಿದ್ದಾಗ ಕನ್ನಡಕ ಅಥವಾ ಟೋರಿಕ್ ಸಾಫ್ಟ್ ಲೆನ್ಸು ಸಾಕಾಗುವುದುಂಟು, ಕೆರಟೋಕೋನಸ್ಸಿಗೆಂದೇ ದಪ್ಪಗೆ ಮಾಡಿದ ಸಾಫ್ಟ್ ಲೆನ್ಸುಗಳೂ ಇವೆ. ಬಲಿತ ಮೇಲೆ ಅವುಗಳ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ.

ಎಲ್ಲ ಆರ್‌ಜಿಪಿಯೂ ಒಂದೇ ಅಲ್ಲ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಪಾಲ್ ರೋಸ್ ಎಂಬವರು ಈ ಬೇನೆಗೆಂದೇ ಬಿಡಿಸಿದ ರೋಸ್ ಕೆ ಲೆನ್ಸಿನಲ್ಲಿ ನಡುವಿನ ಕಡಿದಾದ ಭಾಗ ಚಿಕ್ಕದು, ಅಂಚಿನ ಕಡೆ ಬಾಗು ಹಂತಹಂತವಾಗಿ ಬಿಡಿಸಿಕೊಳ್ಳುತ್ತದೆ. ಉಬ್ಬು ಮೊನಚಾದಷ್ಟೂ ಆ ನಡುಭಾಗ ಇನ್ನೂ ಚಿಕ್ಕದಾಗುತ್ತದೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲೂ ಆ ಹೆಸರು ಬಳಕೆಯಲ್ಲಿದೆ. ಗಟ್ಟಿ ಲೆನ್ಸು ತಡೆಯದವರಿಗೆ ಕೆಳಗೆ ಒಂದು ಸಾಫ್ಟ್ ಲೆನ್ಸು, ಅದರ ಮೇಲೆ ಆರ್‌ಜಿಪಿ ಇಡುವ ಜೋಡಿ ಪದ್ಧತಿಯೂ ಇದೆ. ನಡುವೆ ಗಟ್ಟಿ, ಸುತ್ತ ಮೆತ್ತಗಿನ ಹೈಬ್ರಿಡ್ ಲೆನ್ಸೂ ಇದೆ. ಹಳ್ಳಿಯ ಬದುಕಿಗೆ ಇವೆರಡನ್ನೂ ನಾನು ಅಷ್ಟಾಗಿ ಒಪ್ಪಲಾರೆ. ಜೋಡಿಯಲ್ಲಿ ಎರಡೆರಡು ಲೆನ್ಸು ತೊಳೆಯಬೇಕು, ಹೈಬ್ರಿಡ್ ಹರಿದರೆ ಪೂರ್ತಿ ಹೊಸದೇ ತರಿಸಬೇಕು.

ಡ್ರಾಯರಿನ ಪಕ್ಕದ ಇನ್ನೊಂದು ಪೆಟ್ಟಿಗೆಯಲ್ಲಿದ್ದವು ಸ್ಕ್ಲೀರಲ್ ಲೆನ್ಸುಗಳು. ಆರ್‌ಜಿಪಿ ನೋಡಿದ ಕಣ್ಣಿಗೆ ಇವು ಬಹಳ ದೊಡ್ಡವು, ಸುಮಾರು 15–18 ಮಿಲಿಮೀಟರ್. ಇವು ಕಾರ್ನಿಯಾವನ್ನು ಮುಟ್ಟುವುದೇ ಇಲ್ಲ. ಅದನ್ನು ಮೇಲಿಂದ ಹಾಯ್ದು, ಕಣ್ಣಿನ ಬಿಳಿ ಭಾಗದ ಮೇಲೆ ಕಾಲೂರುತ್ತವೆ. ನಡುವಿನ ಜಾಗದಲ್ಲಿ ಸಲೈನು ನಿಲ್ಲುತ್ತದೆ. ಬಿಳಿ ಭಾಗಕ್ಕೆ ನೋವಿನ ಅರಿವು ಕಡಿಮೆಯಾದ್ದರಿಂದ ಮೊದಲ ದಿನವೇ ಹಿತವೆನಿಸುತ್ತದೆ. ಜಾರುವುದಿಲ್ಲ, ಬೀಳುವುದಿಲ್ಲ, ಮುಖ್ಯವಾಗಿ ಧೂಳು ಒಳಗೆ ಹೋಗುವುದು ಕಷ್ಟ.

ಹಾಕಿಕೊಳ್ಳುವ ಕ್ರಮ ಮಾತ್ರ ಬೇರೆ. ತರುಣ ಮೇಜಿನ ಮೇಲೆ ಬಗ್ಗಿ ಮುಖವನ್ನು ನೆಲಕ್ಕೆ ಸಮನಾಗಿ ಹಿಡಿದ. ಪುಟ್ಟ ರಬ್ಬರಿನ ಹಿಡಿಕೆಯ ಮೇಲೆ ಬಟ್ಟಲಿನ ಹಾಗೆ ಕೂತ ಲೆನ್ಸಿನ ತುಂಬ ಸಲೈನು, ಅಂಚಿನ ತನಕ ತುಳುಕುವಷ್ಟು. ಒಂದು ಕೈಯಿಂದ ಎರಡೂ ರೆಪ್ಪೆ ಅಗಲಿಸಿ, ಇನ್ನೊಂದು ಕೈಯಿಂದ ಲೆನ್ಸನ್ನು ಕೆಳಗಿನಿಂದ ಮೇಲಕ್ಕೆ ತರಬೇಕು. ನೀರು ಕಣ್ಣಿಗೆ ತಾಗಿದ್ದೇ ಮೊದಲ ಸಲ ಅವನು ತಲೆ ಎತ್ತಿಬಿಟ್ಟ, ಒಳಗೆ ಗುಳ್ಳೆ ಉಳಿಯಿತು. "ಎಲ್ಲಾರಿಗೂ ಹಿಂಗ ಆಗತೈತ್ರಿ. ಇನ್ನೊಮ್ಮೆ." ಮತ್ತೆ, ಮತ್ತೆ. ಕೊನೆಗೆ ಗುಳ್ಳೆಯಿಲ್ಲದೆ ಕೂತಿತು. ಗೋಡೆಯ ಪಟದ ಕಡೆ ತಿರುಗಿ, ಕೆಳಗಿನಿಂದ ಎರಡನೆಯ ಸಾಲಿನ ಅಕ್ಷರಗಳನ್ನು ಅವನು ತಡೆಯದೆ ಓದಿದ. ಕನ್ನಡಕದಲ್ಲಿ ಅದೇ ಕಣ್ಣು ಮೇಲಿನ ದೊಡ್ಡ ಅಕ್ಷರಕ್ಕೇ ನಿಂತಿತ್ತು.

ಈ ದೊಡ್ಡ ಲೆನ್ಸಿನ ಕಲ್ಪನೆ ಹೊಸದಲ್ಲ, ಬೇರೆಲ್ಲ ಲೆನ್ಸುಗಳಿಗಿಂತ ಹಳೆಯದು. ಕೆರಟೋಕೋನಸ್ಸನ್ನು 1854ರಲ್ಲಿ ಇಂಗ್ಲೆಂಡಿನ ಜಾನ್ ನಾಟಿಂಗ್‌ಹ್ಯಾಮ್ ವಿವರವಾಗಿ ಬರೆದಿಟ್ಟಿದ್ದರು. 1888ರಲ್ಲಿ ಜ್ಯೂರಿಕ್ಕಿನ ಅಡಾಲ್ಫ್ ಫಿಕ್, ಬಿಳಿ ಭಾಗದ ಮೇಲೆ ಕೂರುವ ಗಾಜಿನ ಲೆನ್ಸು ಮಾಡಿಸಿ ಮೊದಲು ಮೊಲಕ್ಕೆ, ಆಮೇಲೆ ತನಗೆ, ಆಮೇಲೆ ರೋಗಿಗಳಿಗೆ ಹಾಕಿ ನೋಡಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಯೂಜಿನ್ ಕಾಲ್ಟ್ ಈ ಬೇನೆಗೇ ಗಾಜಿನ ಲೆನ್ಸು ಪ್ರಯೋಗಿಸಿದರು. ಕಾಂಟ್ಯಾಕ್ಟ್ ಲೆನ್ಸಿನ ಚರಿತ್ರೆಯ ಮೊದಲ ಪುಟದಲ್ಲೇ ಕೆರಟೋಕೋನಸ್ ರೋಗಿಗಳಿದ್ದಾರೆ. ಗಾಜು ಕಣ್ಣಿಗೆ ಉಸಿರಾಡಲು ಬಿಡದ ಕಾರಣ ಆ ದಾರಿ ಮುಚ್ಚಿತು. ಆಮ್ಲಜನಕ ಹಾಯಿಸುವ ಪ್ಲಾಸ್ಟಿಕ್ಕು ಬಂದ ಮೇಲೆ, 1980ರ ದಶಕದಿಂದ ಈಚೆಗೆ, ಮತ್ತೆ ತೆರೆಯಿತು. ಬೋಸ್ಟನ್ನಿನಲ್ಲಿ ಬೆಳೆದ ಪ್ರೋಸ್ ಎಂಬ ವಿಶೇಷ ಸ್ಕ್ಲೀರಲ್ ಚಿಕಿತ್ಸೆ ಇಂದು ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲೂ ಚೆನ್ನೈನ ಶಂಕರ ನೇತ್ರಾಲಯದಲ್ಲೂ ದೊರೆಯುತ್ತದೆ.

ಹಾಗಾದರೆ ಎಲ್ಲರಿಗೂ ಸ್ಕ್ಲೀರಲ್ಲೇ ಸರಿಯಲ್ಲವೇ? ಅಷ್ಟು ಸಲೀಸಾಗಿ ಹೇಳಲಾಗದು. ಆರ್‌ಜಿಪಿಗಿಂತ ಅದರ ಬೆಲೆ ಹಲವು ಪಟ್ಟು. ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ಒಳಗಿನ ನೀರು ಮಸುಕಾಗಿ, ತೆಗೆದು ಹೊಸ ಸಲೈನು ತುಂಬಿ ಹಾಕಬೇಕಾಗುತ್ತದೆ. ಆ ಸಲೈನು ಸಂರಕ್ಷಕ ಬೆರೆಸದ್ದು, ಚಿಕ್ಕ ಕುಪ್ಪಿಗಳಲ್ಲಿ ಬರುವುದು, ಒಡೆದದ್ದನ್ನು ಅಂದೇ ಮುಗಿಸಬೇಕು. ಡ್ರಿಪ್ಪಿಗೆ ಹಾಕುವ ಸಲೈನ್ ಬಾಟಲಿಯನ್ನು ತಂದು ಸೂಜಿ ಚುಚ್ಚಿ ವಾರಗಟ್ಟಲೆ ಬಳಸುವವರಿದ್ದಾರೆ, ಸೋಂಕನ್ನು ಕೈಯಾರೆ ಕರೆದಂತೆ. ಬೋರಿನ ನೀರು, ನಲ್ಲಿಯ ನೀರು ಲೆನ್ಸಿಗೆ ತಾಗಲೇಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾ ಹೊಕ್ಕರೆ ತಿಂಗಳುಗಟ್ಟಲೆ ಬಿಡದ ಹುಣ್ಣಾಗುತ್ತದೆ. ನೇಸರಗಿಯ ಮೋಟಾರಿನ ಅಂಗಡಿಯಲ್ಲಿ ವಾರ್ನಿಷ್ ಮೆತ್ತಿದ ಕೈ, ಹೊರಗೆ ಹೊಟ್ಟಿನ ಗಾಳಿ, ತೊಳೆಯಲು ಬ್ಯಾರಲ್ಲಿನ ನೀರು. ಯಾವ ಲೆನ್ಸು ಎಂಬುದನ್ನು ಕಾರ್ನಿಯಾದ ಏರುತಗ್ಗು ತೋರಿಸುವ ನಕ್ಷೆ ಅರ್ಧ ಹೇಳುತ್ತದೆ, ಉಳಿದರ್ಧ ಇವೆಲ್ಲ ಹೇಳುತ್ತವೆ. ಆ ಆಪ್ಟೋಮೆಟ್ರಿಸ್ಟ್ ನಂಬರಿನ ಮಾತಿಗಿಂತ ಹೆಚ್ಚು ಹೊತ್ತು ಇವನ್ನೇ ಕೇಳಿದರು: ಅಂಗಡಿಯಲ್ಲಿ ಸೋಪು ಇದೆಯೇ, ಕನ್ನಡಿ ಎಲ್ಲಿದೆ, ರಾತ್ರಿ ಕೆಲಸವಿದ್ದಾಗ ಲೆನ್ಸು ಹಾಕಿಕೊಂಡೇ ಮಲಗುವುದುಂಟೇ. ಕೊನೆಗೆ ಉಬ್ಬು ಜಾಸ್ತಿಯಿದ್ದ ಎಡಗಣ್ಣಿಗೆ ಸ್ಕ್ಲೀರಲ್, ಬಲಗಣ್ಣಿಗೆ ಆರ್‌ಜಿಪಿ ಎಂದು ನಿಂತಿತು. ಹಣ ಹೊಂದಿಸಲು ಆದದ್ದೂ ಅಷ್ಟೇ.

ಲೆನ್ಸು ಹಾಕಿದ್ದರಿಂದ ಬೇನೆ ನಿಲ್ಲುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಿಲ್ಲಿಸುವುದಕ್ಕೆ ಇರುವುದು ಕ್ರಾಸ್ ಲಿಂಕಿಂಗ್. ರೈಬೋಫ್ಲೇವಿನ್ ಹನಿ ಬಿಟ್ಟು ನೇರಳಾತೀತ ಬೆಳಕು ಹಾಯಿಸಿ ಕಾರ್ನಿಯಾದ ಎಳೆಗಳನ್ನು ಬಿಗಿ ಮಾಡುವ ಈ ಚಿಕಿತ್ಸೆ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ರೂಪುಗೊಂಡದ್ದು. 1990ರ ದಶಕದ ಕೊನೆಗೆ ರೋಗಿಗಳಿಗೆ ಶುರುವಾಗಿ 2003ರಲ್ಲಿ ಅದರ ಫಲ ಪ್ರಕಟವಾಯಿತು. ಮೂಲ ಪದ್ಧತಿಗೆ ಕಾರ್ನಿಯಾ ಕನಿಷ್ಠ 400 ಮೈಕ್ರಾನಾದರೂ ದಪ್ಪ ಉಳಿದಿರಬೇಕು, ಅದಕ್ಕೇ ತಡಮಾಡಬಾರದು. ನಮ್ಮ ತರುಣನಿಗೆ ಅದು ಆಗಿದೆ. ಆದ ಮೇಲೂ ಅಲರ್ಜಿಯ ಹನಿ, ತಿಕ್ಕದಿರುವುದು, ವರ್ಷಕ್ಕೊಮ್ಮೆ ನಕ್ಷೆ ತಪ್ಪುವುದಿಲ್ಲ. ಕನ್ನಡಕದ ಕಾಟ ತಪ್ಪಲಿ ಎಂದು ಲೇಸರ್ ಮಾಡಿಸಲು ಹೊರಡುವ ಹುಡುಗರಿಗೆ ಒಂದು ಮಾತು: ಈ ಬೇನೆ ಇದ್ದ ಕಣ್ಣಿಗೆ ಲ್ಯಾಸಿಕ್ ಮಾಡಿದರೆ ತೆಳುವಾದದ್ದು ಇನ್ನೂ ತೆಳುವಾಗುತ್ತದೆ.

ತೀರಾ ಬಲಿತವರಿಗೆ ಕಾರ್ನಿಯಾ ಕಸಿ ಇದೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಬಂದದ್ದು ಕಾರ್ನಿಯಾವನ್ನು ಪದರ ಪದರವಾಗಿ ಬಿಡಿಸಿ ಹಂಚುವ ಕೌಶಲದಿಂದ. ಆದರೆ ಕಸಿಯಾದ ಕಣ್ಣಿಗೂ ಹಲವು ಸಲ ಮತ್ತೆ ಗಟ್ಟಿ ಲೆನ್ಸೇ ಬೇಕಾಗುತ್ತದೆ, ಹೊಲಿದ ಕಾರ್ನಿಯಾ ಸಮನಾಗಿ ಕೂರದಿದ್ದರೆ. ಒಳ್ಳೆಯ ಲೆನ್ಸಿನಿಂದ ಕಸಿಯನ್ನೇ ಮುಂದೂಡಬಹುದು, ಅನೇಕರಿಗೆ ಪೂರ್ತಿ ತಪ್ಪಿಸಲೂಬಹುದು.

ನಮ್ಮ ಈ ಭಾಗಕ್ಕೆ ಕಣ್ಣಿನ ಚಿಕಿತ್ಸೆ ಎಂದೊಡನೆ ನೆನಪಾಗುವುದು ಶಿಬಿರ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ, ಸಾಲಾಗಿ ಮಲಗಿಸಿ ಪೊರೆ ತೆಗೆದು ಲಕ್ಷಾಂತರ ಮುದುಕ ಮುದುಕಿಯರಿಗೆ ಬೆಳಕು ಕಾಣಿಸಿದರು. ಆ ಪುಣ್ಯದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಪೊರೆಗೆ ಶಿಬಿರ ಸರಿಹೋಯಿತು, ಒಮ್ಮೆ ತೆಗೆದರೆ ಮುಗಿಯಿತು. ಕೆರಟೋಕೋನಸ್ ಹಾಗಲ್ಲ. ಇದಕ್ಕೆ ಬರುವವರು ಮುದುಕರಲ್ಲ, ದುಡಿಯುವ ವಯಸ್ಸಿನ ಮಕ್ಕಳು. ಒಂದು ಲೆನ್ಸು ಕೂರಿಸಲು ಹಲವು ಸುತ್ತು ಓಡಾಡಬೇಕು, ಹೊಂದದಿದ್ದರೆ ಬದಲಿಸಬೇಕು, ವರ್ಷ ಎರಡು ವರ್ಷಕ್ಕೆ ಹೊಸದು ಬೇಕು, ಕಣ್ಣು ಕೆಂಪಾದ ದಿನವೇ ತೋರಿಸಬೇಕು. ಬೆಳಗಾವಿಯಲ್ಲಿ ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಿದೆ, ಸರ್ಕಾರಿ ಬಿಮ್ಸ್ ಇದೆ. ಹುಬ್ಬಳ್ಳಿಯಲ್ಲಿ 1967ರಿಂದ ಎಂ.ಎಂ. ಜೋಶಿ ಕಣ್ಣಿನ ಸಂಸ್ಥೆಯಿದೆ. ದೊಡ್ಡ ವೈದ್ಯರಿಗೆ ನಮ್ಮಲ್ಲಿ ಬರವಿಲ್ಲ. ಬೈಲಹೊಂಗಲದಂಥ ತಾಲ್ಲೂಕು ಊರಿನ ಸರ್ಕಾರಿ ದವಾಖಾನೆಯಲ್ಲಿ ತಿಂಗಳಿಗೊಂದು ದಿನವಾದರೂ ಟ್ರಯಲ್ ಸೆಟ್ಟು ಹಿಡಿದು ಕೂರುವ ಒಬ್ಬ ಆಪ್ಟೋಮೆಟ್ರಿಸ್ಟ್ ಇರಬೇಕು ಎಂಬುದು ನನ್ನ ಬೇಡಿಕೆ. ನೇಸರಗಿಯ ಹುಡುಗ ಒಂದು ಗುಳ್ಳೆಯ ಸಲುವಾಗಿ ಒಂದು ದಿನದ ಪಗಾರ ಬಿಟ್ಟು ಬೆಳಗಾವಿಗೆ ಹೋಗುವಂತಾಗಬಾರದು.

ಮರಳುವಾಗ ಬೈಲಹೊಂಗಲದಲ್ಲಿ ಇಳಿದು ಪೇಟೆಯ ಒಂದು ಕನ್ನಡಕದ ಅಂಗಡಿಗೆ ಹೋದೆ. ನಂಬರು ತೆಗೆಯುವ ಹಿರಿಯರೊಬ್ಬರು ಕೂತಿದ್ದರು. ಕೆರಟೋಕೋನಸ್ ಎಂದೊಡನೆ ಕೈಯಲ್ಲಿದ್ದ ರೆಟಿನೋಸ್ಕೋಪ್ ತೋರಿಸಿದರು. ಕಣ್ಣಿನೊಳಗೆ ಬೆಳಕಿನ ಪಟ್ಟಿ ಆಡಿಸಿದಾಗ ಒಳ್ಳೆಯ ಕಣ್ಣಿನಲ್ಲಿ ಅದು ಒಂದೇ ಕಡೆ ಸರಿಯುತ್ತದೆ. ಈ ಬೇನೆಯಿದ್ದರೆ ಬೆಳಕು ಎರಡು ಹೋಳಾಗಿ ಕತ್ತರಿಯಂತೆ ಕೂಡಿ ಅಗಲುತ್ತದೆ. "ಕತ್ತರಿ ಆಡಿದ್ರ ನಾ ಚಸ್ಮಾ ಮಾಡಂಗಿಲ್ರಿ. ಒಂದ ವರ್ಷದಾಗ ಎರಡ ಸಲ ಸಿಲಿಂಡರ್ ಬದ್ಲಿ ಆದ್ರೂ ಮಾಡಂಗಿಲ್ಲ. ಚೀಟಿ ಬರದು ಕಣ್ಣಿನ ದವಾಖಾನಿಗೆ ಕಳಸ್ತೀನಿ, ನಕ್ಷೆ ತಗಿಸ್ಕೊಂಡ ಬರ್ರಿ ಅಂತೀನಿ. ಗಿರಾಕಿ ಬೈಕೊಂಡ ಹೋಗ್ತಾರ, ಹೋಗಲಿ." ಆ ಹೊತ್ತಿಗೆ ಅಂಗಡಿಗೆ ಒಬ್ಬ ತಂದೆ ಹನ್ನೆರಡರ ಮಗಳನ್ನು ಕರೆತಂದ. ಹಿರಿಯರು ಪಟ ತೋರಿಸುವ ಮೊದಲೇ ಆಕೆಯನ್ನು ಕೇಳಿದರು: "ಕಣ್ಣ ಭಾಳ ತಿಕ್ಕತಿಯೇನವಾ?"